ನಿದ್ದೆಯಲ್ಲಿ ಹಾಜರಿ

ಮುಂದಿನ ಕೋಣೆ, ಕಿಟಕಿ ಪಕ್ಕ
ಮಾರ್ಚ್ ೧೧, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮಂಡಿ ನೋವು ಹೇಗಿದೆ? ತಂಗಿಯ ಮನೆಯ ಮೂರು ಮಹಡಿಯನ್ನು ದಿನಕ್ಕೆ ಎಷ್ಟು ಸಲ ಹತ್ತಿಳಿಯುತ್ತೀಯೋ, ಕೇಳಿದರೂ ನಿಜ ಹೇಳುವವಳಲ್ಲ ನೀನು. ಬಾಣಂತಿಗೆ ಕಣ್ತುಂಬ ನಿದ್ದೆ ಬರುತ್ತಿದೆಯಾ? ನೀನು ಹೆಣೆದ ಟೋಪಿ ಕೂಸಿಗೆ ಸರಿಹೋಯಿತಾ, ಇಲ್ಲ ಮೂಗಿನವರೆಗೆ ಇಳಿಯುತ್ತಾ? ಆ ಟೋಪಿ ಹನ್ನೆರಡು ಗಂಟೆಯಲ್ಲಿ ತಯಾರಾಯಿತು. ಆ ಹನ್ನೆರಡು ಗಂಟೆಯ ಕಥೆಯನ್ನೇ ಬರೆಯಲು ಕೂತಿದ್ದೇನೆ.

ನಿನ್ನ ಬೆತ್ತದ ಕುರ್ಚಿಯ ಮೇಲೆ ಕಿಟಕಿ ಪರದೆಯ ಹಳದಿ ಬೆಳಕು ಬಂದು ಕೂತಿದೆ, ನಿನ್ನಷ್ಟೇ ನಿಧಾನವಾಗಿ ಜರುಗುತ್ತಿದೆ. ಕಳೆದ ತಿಂಗಳ ನಾಲ್ಕು ಭಾನುವಾರಗಳೂ ಹೀಗೇ ಇದ್ದವು. ಜನರ ಉಳಿತಾಯ ಎಲ್ಲಿ ತೊಡಗಿಸಬೇಕೆಂದು ಸಲಹೆ ಕೊಡುವ ನಮ್ಮಂಥವರು ವರ್ಷಕ್ಕೆ ಹನ್ನೆರಡು ಗಂಟೆ ಪಾಠ ಕೇಳಲೇಬೇಕು. ತಪ್ಪಿಸಿದರೆ ನೋಂದಣಿ ಅಮಾನತು, ಎರಡು ವರ್ಷ ತಪ್ಪಿಸಿದರೆ ರದ್ದು. ಹೊಟ್ಟೆ ತುಂಬಿದವರು ಮಾಡಿದ ನಿಯಮ ಎಂದು ಆಗ ಬೈದಿದ್ದೆ. ದೊಡ್ಡ ಕಟ್ಟಡಗಳಲ್ಲಿ ಬಡವರ ಗಂಟನ್ನು ನುಂಗಿ ನೀರು ಕುಡಿದವರ ಪಾಠದ ಲೆಕ್ಕ ಯಾವಾಗಲೂ ಚೊಕ್ಕ! ಈಗಲೂ ಆ ಮಾತು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅದು ನನ್ನ ನಿದ್ದೆಗೆ ನೆಪವಲ್ಲ.

ಪಾಠದ ಮೇಷ್ಟ್ರ ದನಿ ಕಂಪ್ಯೂಟರಿನಿಂದ ಹರಿದು ಬರುತ್ತಿತ್ತು, ಚಾಪೆಯ ಮೇಲೆ ನಾನು ಅದರಲ್ಲಿ ತೇಲುತ್ತಿದ್ದೆ. ಕನಸಿನಲ್ಲಿ ಶೇಕಡಾವಾರುಗಳು ಮೀನಿನ ಹಾಗೆ ಕಾಲು ಸವರಿ ಹೋಗುತ್ತಿದ್ದವು. ಆಸ್ಪತ್ರೆಯ ನೆಲ ಒರೆಸುವ ನನ್ನ ಗಿರಾಕಿ ದೊಡ್ಡಕ್ಕ ಒಂದು ಉದ್ದನೆಯ ಓಣಿ ಒರೆಸುತ್ತಿದ್ದಳು, ಅವಳು ಒರೆಸಿದಷ್ಟೂ ಓಣಿ ಬೆಳೆಯುತ್ತಿತ್ತು. ಕಾಲು ಗಂಟೆಗೊಮ್ಮೆ ದೂರದಲ್ಲೆಲ್ಲೋ 'ಟಿಣ್' ಎನ್ನುತ್ತಿತ್ತು, ಮತ್ತೆ ನೀರು ಶಾಂತ. ಆ 'ಟಿಣ್' ಏನೆಂದು ಮೊದಲ ಭಾನುವಾರವೇ ಗೊತ್ತಾಯಿತು ನನಗೆ. ಅರೆಗಣ್ಣು ತೆರೆದಾಗ ಕಂಪ್ಯೂಟರಿನ ಪರದೆಯ ಮೇಲೆ 'ಇದ್ದೀರಾ?' ಎಂಬ ಪ್ರಶ್ನೆ. ನೀನು ಹೆಣಿಗೆಯ ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು, ಪಾಪ ಮಲಗಲಿ ಎಂದು, ಒಂದೇ ಬೆರಳಲ್ಲಿ ಗುಂಡಿ ಒತ್ತಿದೆ. ನಾನು ನೋಡಿದೆ. ನೋಡಿ ಕಣ್ಣು ಮುಚ್ಚಿಕೊಂಡೆ. ತಪ್ಪು ನಿನ್ನ ಬೆರಳಿನದಲ್ಲ, ನನ್ನ ರೆಪ್ಪೆಯದು.

ನೀನು ಹೊರಡುವ ದಿನ ಬೆಳಿಗ್ಗೆ ಚಹಾ ಸೋಸುತ್ತ ಹೇಳಿದ್ದು ನೆನಪಿದೆಯಾ? "ಅಲ್ವೇ, ಆ ನೆಲ ಒರೆಸೋ ಅಕ್ಕ ಮುಂದಿನ ವರ್ಷ ಕಣ್ಣಿನ ಆಪರೇಷನ್ನಿಗೆ ದುಡ್ಡು ತೆಗೀಬೇಕು ಅಂದಿದ್ಲಲ್ಲ. ನೀನು ಅವಳಿಗೆ ಹೇಳಿರೋ ಆ ಉಳಿತಾಯದ ಯೋಜನೇಲಿ ಈಗ ನಡುವೆ ತೆಗೆದ್ರೆ ಕಾಲು ಭಾಗ ಕತ್ತರಿಸ್ತಾರಂತೆ. ನಿನ್ನ ಮೇಷ್ಟ್ರು ಮೂರನೇ ವಾರ ಹೇಳಿದ್ರು, ಕೇಳಿಸ್ಕೊಳ್ಳಲಿಲ್ವಾ?" ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನೀನು ಹೆಣೆಯುತ್ತ ಹೆಣೆಯುತ್ತ ಹನ್ನೆರಡು ಗಂಟೆಯನ್ನೂ ಕೇಳಿದ್ದೆ. ಪದವಿ ಪತ್ರವನ್ನು ಗೋಡೆಗೆ ತೂಗುಹಾಕಿದ ನಾನು ಹಳೆಯ ನಿಯಮ ನಂಬಿಕೊಂಡು ಅದೇ ಯೋಜನೆಗೆ ಅವಳ ಅರ್ಜಿ ತುಂಬಿಟ್ಟಿದ್ದೆ. ಅವತ್ತೇ ಮಧ್ಯಾಹ್ನ ಅವಳು ಸಹಿ ಹಾಕಬೇಕಿತ್ತು.

ನಿನ್ನನ್ನು ಬಸ್ಸು ಹತ್ತಿಸಿ ನೇರ ಆಸ್ಪತ್ರೆಗೆ ಓಡಿದೆ. ಒದ್ದೆ ನೆಲದ ಮೇಲೆ ನಿಂತು ಎಲ್ಲ ಹೇಳಿದೆ, ನಿದ್ದೆ ಹೋದದ್ದನ್ನೂ. ಅವಳು ಬಕೆಟ್ಟಿಗೆ ಬಟ್ಟೆ ಹಿಂಡುತ್ತ ಅಂದಳು, "ನಾನು ನಿದ್ದೆ ಹೋದ್ರೆ ಒಂದು ದಿನದ ಕೂಲಿ ಹಿಡೀತಾರಮ್ಮ. ನಿಮಗೇನು ಹಿಡೀತಾರೆ?" ಅದಕ್ಕೆ ಉತ್ತರವನ್ನು ಮನೆಗೆ ಬಂದು ಬರೆದೆ, ನೋಂದಣಿ ಕೊಡುವ ಮಂಡಳಿಗೆ: ಪಾಠ ನಾನು ಕೇಳಿಲ್ಲ, ಹಾಜರಿ ನನ್ನದಲ್ಲ. ತನಿಖೆ ಮುಗಿಯುವವರೆಗೆ ನೋಂದಣಿ ಅಮಾನತಾಗಿದೆ. ಬಾಗಿಲಿನ ಫಲಕ ಇಳಿಸಿದೆ, ಎಲ್ಲ ಗಿರಾಕಿಗಳಿಗೂ ಕಾಗದ ಹಾಕಿದೆ. ದೊಡ್ಡಕ್ಕನನ್ನು ಇನ್ನೊಬ್ಬ ಸಲಹೆಗಾರ್ತಿಯ ಹತ್ತಿರ ಕರೆದೊಯ್ದು ಕೂರಿಸಿದೆ. ನೀನು ಗಾಬರಿಯಾಗಬೇಡ, ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಕೇಳಿದ್ದೇನೆ. ಬಾಡಿಗೆಗೆ ಸಾಕು. ಪಾಠಗಳನ್ನು ಮೊದಲಿಂದ ಹಚ್ಚಿದ್ದೇನೆ, ಈ ಸಲ ನಿಂತುಕೊಂಡೇ ಕೇಳುತ್ತೇನೆ. ಆದರೂ 'ಟಿಣ್' ಎಂದಾಗಲೆಲ್ಲ ಕಣ್ಣು ಕುರ್ಚಿಯತ್ತ ಹೋಗುತ್ತದೆ. ಅಲ್ಲಿ ಬೆಳಕು ಮಾತ್ರ.

ತಂಗಿಗೆ ನನ್ನ ನೆನಪು ಹೇಳು. ಕೂಸಿನ ಅಂಗಾಲಿಗೆ ದೊಡ್ಡಮ್ಮನದೊಂದು ಮುತ್ತು. ಮಂಡಿಗೆ ಎಣ್ಣೆ ಹಚ್ಚಿಕೋ, ನೋವಿಲ್ಲ ಅನ್ನಬೇಡ.

ನಿನ್ನ ನಿದ್ದೆಬುರುಕಿ
ದೊಡ್ಡ ಮಗಳು

ಮರೆತಿದ್ದೆ: ಗುರುವಾರ ಹನ್ನೊಂದಕ್ಕೆ ಮಂಡಳಿಯ ಅಧಿಕಾರಿ ನಿನಗೆ ಫೋನು ಮಾಡುತ್ತಾರೆ. "ನೀವು ಎಚ್ಚರವಿದ್ರಿ ಅಂತ ನಿಮ್ಮ ತಾಯಿ ಒಂದು ಮಾತು ಅಂದ್ರೆ ಸಾಕು ಮೇಡಂ, ಫೈಲು ಮುಚ್ಚಿಬಿಡ್ತೀನಿ" ಎಂದಿದ್ದಾರೆ, ಕರುಣೆಯಿಂದಲೇ. ಅನ್ನದಿದ್ದರೆ ಒಂದು ವರ್ಷ ಕೆಲಸವಿಲ್ಲ, ಆಮೇಲೆ ಮೊದಲಿನ ಪರೀಕ್ಷೆ ಮತ್ತೆ ಬರೆಯಬೇಕು. ನಾನು ಶಾಲೆ ತಪ್ಪಿಸಿದಾಗಲೆಲ್ಲ ಮೇಷ್ಟ್ರಿಗೆ "ಜ್ವರ ಬಂದಿತ್ತು" ಅಂದವಳು ನೀನು, ನನಗೆ ಗೊತ್ತು ಏನು ಹೇಳುತ್ತೀಯೆಂದು. ಬೇಡಮ್ಮಾ. "ಅವಳು ನಿದ್ದೆ ಮಾಡ್ತಿದ್ಲು, ಗುಂಡಿ ನಾನು ಒತ್ತಿದೆ" ಅನ್ನು. ಪಾಠ ಕೇಳಿದ್ದು ಯಾರು ಎಂದು ಕೇಳಿದರೆ, ತಲೆಯೆತ್ತಿ "ನಾನು" ಅನ್ನು.