ಹನ್ನೆರಡನೇ ಪಾಠ

ಮಾರ್ಚ್ ೩, ಸೋಮವಾರ
ಇವತ್ತು ಇನ್ನೂರ ಹತ್ತು ಬೆಡ್‌ಶೀಟ್, ನಾನೂರು ಟವೆಲ್. ಎರಡನೇ ಮಷಿನ್ ಮತ್ತೆ ಮುಷ್ಕರ ಹೂಡಿದೆ. ಹೋಟೆಲಿನ ಮ್ಯಾನೇಜರ್ ಲಾಂಡ್ರಿಗೇ ಇಳಿದು ಬಂದರು. ಸೂಪರ್‌ವೈಸರ್ ಕೆಲಸ ಖಾಲಿಯಾಗುತ್ತಿದೆಯಂತೆ. ಹತ್ತೊಂಬತ್ತು ವರ್ಷ ದುಡಿದ ನನಗೇ ಸಲ್ಲಬೇಕಂತೆ. ಆದರೆ ಗೆಸ್ಟ್‌ಗಳ ಜೊತೆ ಇಂಗ್ಲಿಷ್ ಮಾತಾಡಬೇಕು. ಇಪ್ಪತ್ತೆಂಟಕ್ಕೆ ಟೆಸ್ಟ್. ಪಾಸಾಗದಿದ್ದರೆ ರಿಸೆಪ್ಶನ್‌ನ ಲಿಪ್‌ಸ್ಟಿಕ್ ಹುಡುಗಿ ನನ್ನ ತಲೆ ಮೇಲೆ ಬಂದು ಕೂರುತ್ತಾಳೆ. ಬ್ಲೀಚ್ ಯಾವುದು, ನೀಲಿ ಯಾವುದು ಗೊತ್ತಿಲ್ಲದವಳು.

ಮಾರ್ಚ್ ೪
ಮನೆಯಲ್ಲಿ ಸರಿಯಾಗಿ ಇಂಗ್ಲಿಷ್ ಬರುವುದು ಸೊಸೆಗೆ. ಸ್ಕೂಲಿನಲ್ಲಿ ಅದನ್ನೇ ಕಲಿಸುತ್ತಾಳೆ. ಆದರೆ ನಾವಿಬ್ಬರೂ ಮಾತು ಬಿಟ್ಟು ಇವತ್ತಿಗೆ ನಲವತ್ತು ದಿನ.

ಆಗಿದ್ದಿಷ್ಟೇ. ಅವಳು ಒಗೆದು ಹರವಿದ್ದನ್ನು ಹಗ್ಗದಿಂದ ಇಳಿಸಿ ನಾನು ಮತ್ತೆ ಒಗೆದೆ. ಅವಳ ತಾಯಿ ಬಂದು ಕೂತಿದ್ದರು, ನೋಡಿದರು. ಸೋಪು ಹೋಗಿರಲಿಲ್ಲ, ನಾನೇನು ಮಾಡಲಿ? ಅವಳು ಮುಖ ಊದಿಸಿಕೊಂಡಳು. ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ಅಂದಿನಿಂದ ಮಗನೇ ಪೋಸ್ಟ್‌ಮ್ಯಾನ್. ಉಪ್ಪು ಕಡಿಮೆಯಂತೆ... ಬೇಕಾದರೆ ಹಾಕಿಕೊಳ್ಳಬೇಕಂತೆ...

ಅವನ ಕೈಲೇ ಕೇಳಿಸಿದೆ. ಉತ್ತರ ಬಂತು: ಕಲಿಸುತ್ತಾಳಂತೆ, ಸಂಜೆ ಆರಕ್ಕೆ. ಪಾಠದಲ್ಲಿ ಒಂದಕ್ಷರ ಕನ್ನಡ ಇರಕೂಡದಂತೆ. ಒಪ್ಪಿದೆ. ಇಂಗ್ಲಿಷಿನಲ್ಲಿ ಆಡಿದರೆ ಮಾತು ಆಡಿದ ಹಾಗಲ್ಲ. ಇಬ್ಬರ ಮರ್ಯಾದೆಯೂ ಉಳಿಯಿತು.

ಮಾರ್ಚ್ ೬
ಅವಳ ಸ್ಕೂಲಿನ ಪುಸ್ತಕದಿಂದ ಮೊದಲ ಪಾಠ, ನೌನ್. ಅಂದರೆ ಹೆಸರುಗಳು. ದಿಸ್ ಈಸ್ ಎ ಬಕೆಟ್. ದಿಸ್ ಈಸ್ ಸೋಪ್. ಬೇಕಂತಲೇ ಸೋಪನ್ನು ಮೂಗಿನ ಹತ್ತಿರ ಹಿಡಿದಳು. ಮಗ ಬಾಗಿಲ ಸಂದಿಯಿಂದ ಇಣುಕಿ ನಕ್ಕ. ಗೆಟ್ ಔಟ್ ಅಂದೆ. ಪುಸ್ತಕದ್ದಲ್ಲ, ಸ್ವಂತದ್ದು.

ಮಾರ್ಚ್ ೧೧
ಅಡ್ಜೆಕ್ಟಿವ್— ಒಂದು ವಸ್ತು ಹೇಗಿದೆ ಎಂದು ಹೇಳುವ ಪದ. ಬಹಳ ಉಪಯೋಗದ ಪಾಠ. ಟೀ ಈಸ್ ಕೋಲ್ಡ್ ಅಂದೆ. ಯುವರ್ ಟಂಗ್ ಈಸ್ ಶಾರ್ಪ್ ಅಂದಳು. ಟಂಗ್ ಅಂದರೇನೆಂದು ಮಗನನ್ನು ಕೇಳಿದೆ. ನಾಲಿಗೆಯಂತೆ. ತಿರುಗಿ ಕೊಡೋಣವೆಂದರೆ ಪದ ಸಾಲದು. ನಲವತ್ತೇ ಪದ ಇಟ್ಟುಕೊಂಡು ಜಗಳವಾಡಲು ಯಾರಿಂದಾದೀತು? ನಾಳೆ ಬಸ್ಸಿನಲ್ಲಿ ಕೂತು ಇನ್ನಷ್ಟು ಕಲಿಯಬೇಕು. ಲೇಜಿ, ಪ್ರೌಡ್...

ಮಾರ್ಚ್ ೧೭
ಪಾಸ್ಟ್ ಟೆನ್ಸ್. ಆಗಿಹೋದದ್ದನ್ನೆಲ್ಲ ಈಗ ಕೆದಕಬಹುದು. ಯೂ ಬ್ರೋಕ್ ಮೈ ಕಪ್ ಅಂದೆ. ಅವಳು ಯೂ ವಾಷ್ಡ್ ಮೈ ಕ್ಲೋತ್ಸ್ ಅಂದಳು. ಕಣ್ಣು ತುಂಬಿಕೊಂಡಿತ್ತು. ನಾನು ನೋಟ್‌ಬುಕ್ ಮಡಚಿದೆ.

ಮಾರ್ಚ್ ೨೬
ಪುಸ್ತಕ ಮುಗಿಯಿತು, ಹನ್ನೆರಡನೇ ಪಾಠ ಒಂದು ಬಿಟ್ಟು. ಕ್ಷಮೆ ಕೇಳುವ ಪಾಠ. ಅವಳು ಆ ಪುಟ ತೆಗೆದಳು, ನಾನು ಹದಿಮೂರಕ್ಕೆ ತಿರುವಿದೆ. ಅವಳೂ ಒತ್ತಾಯ ಮಾಡಲಿಲ್ಲ. ಇಷ್ಟು ವರ್ಷ ಊರವರ ಕಲೆ ತೆಗೆದವಳು ನಾನು. ಯಾರ ಹತ್ತಿರ ಸಾರಿ ಕೇಳಬೇಕು?

ಮಾರ್ಚ್ ೨೮
ಟೆಸ್ಟ್. ಎಲ್ಲ ನೀರು ಕುಡಿದ ಹಾಗೆ ಹೇಳಿದೆ. ಕೊನೆಗೆ ಮ್ಯಾನೇಜರ್ ತಾವೇ ಗೆಸ್ಟ್ ಆದರು. ಮೈ ಶೀಟ್ ಈಸ್ ನಾಟ್ ಕ್ಲೀನ್ ಅಂದರು. ಯುವರ್ ಐಸ್ ಆರ್ ನಾಟ್ ಕ್ಲೀನ್ ಅಂದೆ, ಅವರ ಕಣ್ಣಿಗೇ ಬೆರಳು ತೋರಿಸಿ.

ವಾಕ್ಯದಲ್ಲಿ ತಪ್ಪಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಲಿಪ್‌ಸ್ಟಿಕ್ ಹುಡುಗಿ ಕಿಸಕ್ಕೆಂದಳು. ಗೆಸ್ಟ್ ದೂರಿದರೆ ಮೊದಲು ಕ್ಷಮೆ ಕೇಳಬೇಕಂತೆ. ಸೋಮವಾರ ಇನ್ನೊಂದು ಅವಕಾಶ, ಅದೇ ಕೊನೆಯದು.

ಮಾರ್ಚ್ ೩೦, ಭಾನುವಾರ, ಸಂಜೆ ಆರೂ ಮುಕ್ಕಾಲು
ನಾನೇ ಹನ್ನೆರಡನೇ ಪಾಠ ತೆಗೆದು ಅವಳ ಮುಂದಿಟ್ಟೆ. ಅವಳು ಒಳಗೆ ಹೋಗಿ ಹಳದಿ ದಿಂಬಿನ ಕವರ್ ತಂದಳು. ಗುರುತು ಸಿಕ್ಕಿತು. ಅವತ್ತು ನಾನು ಹಗ್ಗದಿಂದ ಮೊದಲು ಇಳಿಸಿದ್ದು ಅದನ್ನೇ. ದಿಸ್ ಈಸ್ ನಾಟ್ ಕ್ಲೀನ್ ಅಂದಳು. ಐ ಆಮ್ ಸಾರಿ ಅಂದೆ. ಅಗೇನ್ ಅಂದಳು. ಮತ್ತೆ ಹೇಳಿದೆ. ಅಗೇನ್. ಏಳು ಸಲ ಹೇಳಿಸಿದಳು, ಬೇಕಂತಲೇ. ಎಂಟನೆಯ ಸಲ ಇಂಗ್ಲಿಷ್ ಬಾಯಿಗೆ ಬರಲಿಲ್ಲ.

"ನಿಮ್ಮಮ್ಮನ ಎದುರಿಗೆ ಹಾಗೆ ಮಾಡಬಾರದಿತ್ತು. ತಪ್ಪಾಯ್ತಮ್ಮ."

ಅವಳು ಕವರನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ನಾಳೆ ಅಲ್ಲೂ ಕನ್ನಡದಲ್ಲೇ ಹೇಳಿಬಿಡ್ಬೇಡಿ ಅತ್ತೆ."

ಅತ್ತೆ ಅಂದಳು. ಅರವತ್ತಾರು ದಿನದ ಮೇಲೆ. ಅಳು ಬಂತು, ನಗುವೂ ಬಂತು. ಮಗ ಏನಾಯಿತೆಂದು ಓಡಿ ಬಂದ. ಇಬ್ಬರೂ ಒಟ್ಟಿಗೆ ಗೆಟ್ ಔಟ್ ಅಂದೆವು.

ಮಾರ್ಚ್ ೩೧, ಬೆಳಿಗ್ಗೆ ಏಳೂವರೆ
ನನ್ನ ಯೂನಿಫಾರ್ಮ್ ಒಗೆದು, ಇಸ್ತ್ರಿ ಮಾಡಿ ಕುರ್ಚಿ ಮೇಲಿಟ್ಟಿದ್ದಾಳೆ. ಕಾಲರ್ ಒಳಗೆ ಸೋಪು ಉಳಿದಿದೆ. ಬಿಳಿ ಗೆರೆ. ನನ್ನ ಕಣ್ಣು ತಪ್ಪಿಸೀತೆ? ನಲ್ಲಿ ಇರುವುದು ನಾಲ್ಕು ಹೆಜ್ಜೆಯಲ್ಲಿ. ಐದು ನಿಮಿಷದ ಕೆಲಸ. ಯಾರೂ ನೋಡುತ್ತಿಲ್ಲ. ನಲ್ಲಿಯ ತನಕ ಹೋದೆ... ವಾಪಸ್ ಬಂದೆ. ಹಾಗೇ ಹಾಕಿಕೊಂಡೆ. ಕತ್ತು ತುರಿಸುತ್ತಿದೆ, ತುರಿಸಲಿ. ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾಳೆ, ಕನ್ನಡದಲ್ಲೇ. ಕಾಲರ್ ಕ್ಲೀನಾಗಿದೆಯಾ ಎಂದೂ ಕೇಳುತ್ತಿದ್ದಾಳೆ. ವೆರಿ ಕ್ಲೀನ್ ಅಂತ ಕೂಗಿ ಹೊರಟೆ.