ಬುಧವಾರದ ಅಂಗಿ

ಎವೊರಾ, 1543

ಸೆಪ್ಟೆಂಬರ್ 5, ಬುಧವಾರ

ತಮ್ಮನಿಗೆ ಒಗೆದ ಅಂಗಿ ಕೊಟ್ಟು ಕೊಳೆಯಾದದ್ದನ್ನು ತಂದೆ. ಎಂಟನೆಯ ವಾರ. ಸೆರೆಮನೆಯ ಕಾವಲುಗಾರನ ಹೆಂಡತಿ ಬ್ರಿಟೆಸ್ ಬಾಗಿಲಲ್ಲೇ ಈಸಿಕೊಳ್ಳುತ್ತಾಳೆ. ಒಂದೊಂದು ಹೊಲಿಗೆಯನ್ನೂ ಒತ್ತಿ ನೋಡುತ್ತಾಳೆ — ಒಳಗೆ ಚೀಟಿ ಇದೆಯೇ ಎಂದು.

ಬುಧವಾರ ಎಂದು ಗೊತ್ತುಮಾಡಿದವಳು ನಾನೇ. ಸಬ್ಬತ್ ಶುರುವಾಗುವ ಶುಕ್ರವಾರ ಸಂಜೆ ಒಗೆದ ಅಂಗಿ ತೊಡುವುದು ನಮ್ಮ ಹಿರಿಯರ ಪದ್ಧತಿ. ಗುಟ್ಟಾಗಿ ಯೆಹೂದ್ಯರಾಗಿ ಉಳಿದವರನ್ನು ಗುರುತಿಸುವುದು ಹೇಗೆಂದು ಚರ್ಚಿನ ಬಾಗಿಲಿಗೆ ಹೊಡೆದ ಪಟ್ಟಿಯಲ್ಲಿ ಅದೇ ಮೊದಲನೆಯದು. ಬುಧವಾರದ ಅಂಗಿ ಯಾರನ್ನೂ ಸುಡಿಸುವುದಿಲ್ಲ.

ತಮ್ಮ ಲೋಪುವಿಗೆ ಸ್ವರ್ಗದ ಏಳು ಬಾಗಿಲು ಕಾಣುತ್ತವೆ. ನನಗೆ ಅವನ ಕತ್ತುಪಟ್ಟಿಯ ಕೊಳೆ.

ಸೆಪ್ಟೆಂಬರ್ 9, ಭಾನುವಾರ

ಚರ್ಚಿನ ಪೂಜೆಗೆ ಹೋಗಿಬಂದೆವು. ನನ್ನ ಗಂಡ ಎಸ್ತೆವಾಂವ್ ಕಿಟಕಿಯ ಹಂದಿ ಸಾಸೇಜನ್ನು ಬೀದಿಯ ಕಡೆಗೆ ಇನ್ನಷ್ಟು ಸರಿಸಿ ತೂಗುಹಾಕಿದರು. ಮೂರು ತಿಂಗಳಿಂದ ಅದೇ ಸಾಸೇಜು; ನಾವೂ ಹಂದಿ ತಿನ್ನುವ ಕ್ರೈಸ್ತರೆಂದು ಕಾಣಲಿ ಎಂದು.

"ಇನ್ನೆಷ್ಟು ದಿನ ಅವ್ನ ಬಟ್ಟೆ ಒಗೀತೀಯೇ?"

"ಬರೋ ತನಕ."

"'ತಪ್ಪಾಯ್ತು' ಅಂದ್ರೆ ಪ್ರಾಣ ಆದ್ರೂ ಉಳಿಯುತ್ತೆ. ದೇವದೂತರ ಹತ್ರ ಅಷ್ಟೊಂದು ಮಾತಾಡ್ತಾನಲ್ಲ, ಪಾದ್ರಿ ಹತ್ರ ಒಂದು ಮಾತಾಡೋಕೆ ಏನು ಧಾಡಿ!"

ನಗು ಬಂದುಬಿಟ್ಟಿತು. ಈರುಳ್ಳಿ ಹೆಚ್ಚುತ್ತ ಕೂತೆ.

ಉಣ್ಣೆ ಹಿಂಜುವವನು ಲೋಪು. ಹಿಂಜುತ್ತ ಹಿಂಜುತ್ತ ಏನೋ ಬೆಳಕು ಕಂಡನಂತೆ. ಕೇಳಲು ಚರ್ಮದವರ ಓಣಿಯಿಂದ ಜನ ಬಂದರು. ಅವರಲ್ಲೊಬ್ಬ ಹೋಗಿ ಪಾದ್ರಿಗಳಿಗೆ ಹೇಳಿದ.

ಸೆಪ್ಟೆಂಬರ್ 12, ಬುಧವಾರ

ಬ್ರಿಟೆಸ್ ಅಂಗಿ ಹಿಡಿದುಕೊಂಡು ಒಳಗೆ ಹೋಗದೆ ನಿಂತಳು.

"ಅಲ್ಲ ಕಣೇ ವಿಯೊಲಾಂಟೆ, ಎಂಥ ಆಸಾಮಿಯೇ ನಿನ್ ತಮ್ಮ! ನೀನು ಬುಧವಾರ ತರ್ತೀಯ. ಮಡಚಿ ತಲೆ ಅಡಿ ಇಟ್ಕೋತಾನೆ. ಎರಡು ದಿನ ಆ ನಾರೋ ಅಂಗೀಲೇ ಕೂತಿರ್ತಾನೆ. ಶುಕ್ರವಾರ ಹೊತ್ತು ಮುಳುಗೋ ಮುಂಚೆ ಇದನ್ನ ತೊಡ್ತಾನೆ, ಮದುಮಗನ ಹಾಗೆ."

"ಯಾರಾದ್ರೂ ನೋಡಿದ್ರಾ?"

"ಗೋಡೇಲಿ ತೂತು ಇರೋದು ಮತ್ಯಾಕೆ? ಎಂಟು ಶುಕ್ರವಾರ. ಎಲ್ಲಾ ಬರ್ಕೊಂಡಿದಾರೆ."

ಅಂಗಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಮನೆಗೆ ಬಂದೆ.

ಶುಕ್ರವಾರವೇ ಕೊಟ್ಟಿದ್ದರೆ ಬಂದ ದಿನ ತೊಟ್ಟ ಎಂದಾಗುತ್ತಿತ್ತು, ಅಷ್ಟೆ. ಬರೆಯುವುದಿದ್ದರೂ ತಂದವಳ ಹೆಸರು ಬರೆಯುತ್ತಿದ್ದರು. ಎರಡು ದಿನ ಕಾಯಿಸಿ, ಅವನ ವಿರುದ್ಧ ಸಾಕ್ಷಿ ಒಗೆದು ಒಣಗಿಸಿ ಕೊಟ್ಟಿದ್ದೇನೆ.

ಸೆಪ್ಟೆಂಬರ್ 15, ಶನಿವಾರ

ಇವತ್ತು ಕೊಟ್ಟೆ. ನಿನ್ನೆ ಸಂಜೆ ಅವನ ಬಳಿ ಒಗೆದದ್ದು ಇರಬಾರದು ಎಂದು.

"ಕುಡಿಯೋ ನೀರಲ್ಲೇ ಒಗ್ಕೊಂಡ," ಅಂದಳು ಬ್ರಿಟೆಸ್. "ಒದ್ದೇದನ್ನೇ ತೊಟ್ಕೊಂಡ. ಈಗ ಜ್ವರ."

"ಏನಾದ್ರೂ ಹೇಳಿದ್ನಾ?"

"'ಅಕ್ಕನಿಗೆ ಹೇಳಿ, ಕೋಪ ಇಲ್ಲ' ಅಂದ."

ಕೋಪ ನನಗಿದೆ. ಅದನ್ನು ಹೇಳಿ ಕಳಿಸಲಿಲ್ಲ. ಬೆನ್ನು ನೋವು.

ಅಕ್ಟೋಬರ್ 3, ಬುಧವಾರ

ಚೌಕದಲ್ಲಿ ಶಿಕ್ಷೆ ಸಾರುವ ಅಟ್ಟಣಿಗೆ ಕಟ್ಟುತ್ತಿದ್ದಾರೆ. ಭಾನುವಾರಕ್ಕೆ. ಸುಡುವವರ ಪಟ್ಟಿಯಲ್ಲಿ ಲೋಪುವಿನ ಹೆಸರೂ ಇದೆ ಎಂದು ಬ್ರಿಟೆಸ್ ಪಿಸುಗುಟ್ಟಿದಳು. ಈ ಸಲ ತಮಾಷೆ ಮಾಡಲಿಲ್ಲ.

"ಶನಿವಾರದ ತನಕ ಸಮಯ ಇದೆ, ಕ್ಷಮೆ ಕೇಳು ಅಂತ ಪಾದ್ರಿಗಳು ದಿನಾ ಹೋಗಿ ಹೇಳ್ತಿದಾರೆ. ನಗ್ತಾನೆ. ಶುಕ್ರವಾರಕ್ಕೆ ಒಂದು ಅಂಗಿ ಬೇಕಂತೆ. ಬೇರೆ ಏನೂ ಕೇಳ್ಲಿಲ್ಲ ಕಣೇ."

ಅಕ್ಟೋಬರ್ 5, ಶುಕ್ರವಾರ, ಮಧ್ಯಾಹ್ನ

ಬೆಳಗ್ಗೆ ಒಗೆದೆ. ಗಾಳಿ ಇತ್ತು, ಬೇಗ ಒಣಗಿತು. ಇವರು ಬಾಗಿಲಿಗೆ ಅಡ್ಡ ನಿಂತರು.

"ಇವತ್ತು ಯಾವ ವಾರ ಅಂತ ಗೊತ್ತಿದೆ ತಾನೆ?"

"ಗೊತ್ತು."

"ನಾಳೆ ಕೊಡೇ. ಒಂದೇ ದಿನ."

"ನಾಳೆ ಆದ್ರೆ ಅವನಿಗೆ ಬೇಡ."

"ನಿನ್ ಹೆಸರು ಬರ್ಕೋತಾರೆ. ಆಮೇಲೆ ನನ್ನದು."

ಬೀದಿಗೆ ಕಾಣುವ ಅವರ ಸಾಸೇಜು, ನನ್ನ ಬುಧವಾರ — ಎರಡೂ ಒಂದೇ. ಇವರು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದರು. ದರ್ಜಿಯ ಕಣ್ಣು.

"ತೋಳಿನ ಹೊಲಿಗೆ ಬಿಟ್ಟಿದೆ. ಹೀಗೇ ಕೊಡ್ತಿದ್ಯಾ? ತಾ ಸೂಜಿ."

ಹೊಲಿಯುತ್ತಿದ್ದಾರೆ. ಹೊಲಿಗೆ ನೇರ. ಸುಸ್ತು. ನನಗೆ ಯಾವ ಬಾಗಿಲೂ ಕಾಣಲಿಲ್ಲ, ಬೆಳಕೂ ಇಲ್ಲ. ಬಿಸಿಲು ಎದುರು ಗೋಡೆಯ ಅರ್ಧಕ್ಕೆ ಬಂದಿದೆ. ಹೊತ್ತು ಮುಳುಗುವುದರೊಳಗೆ ತಲುಪಬೇಕು. ದಾರ ಕಚ್ಚಿ ಹರಿದರು. ಹೋಗಬೇಕು. ಯಾರು ಕಳಿಸಿದ್ದು ಎಂದು ಬಾಗಿಲಲ್ಲಿ ಕೇಳಿದರೆ, ಅಕ್ಕ ಎನ್ನುತ್ತೇನೆ.