ಬಚ್ಚಲಮನೆಯ ಚಿಲಕ

ದೊಡ್ಡವಳೇ,

ನಿನ್ನನ್ನ ಕಳಕೊಂಡ ಮಾರನೇ ವಾರವೇ ಬಚ್ಚಲಮನೆ ಚಿಲಕ ಕಿತ್ತುಹಾಕಿದ್ದೆ. ಮನೆಗೇ ಬರೋ ಕೌನ್ಸೆಲರ್ ಮೇಡಂ ಇವತ್ತು ಅದನ್ನ ನನ್ನ ಕೈಯಿಂದಲೇ ಮತ್ತೆ ಹಾಕಿಸಿದರು. "ಚಿಕ್ಕವಳಿಗೂ ಹದಿನಾರು ತುಂಬ್ತು, ನಂಬಿ ನೋಡಿ" ಅಂದರು. ಹೇಳೋದು ಸುಲಭ. ಸ್ಕ್ರೂ ಎರಡು ಸಲ ಜಾರಿ ಬಿತ್ತು.

ನಿನ್ನ ತಂಗಿ ಸ್ನಾನಕ್ಕೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಬಾಗಿಲಿಗೆ ಕಿವಿಗೊಟ್ಟು ನಿಂತೆ. ನೀರಿನ ಸದ್ದು ನಿಂತಿತು. ತಟ್ಟೋಕೆ ಕೈ ಎತ್ತಿದೆ.

"ಸೋಪು ಹಚ್ಕೊಳ್ತಿದೀನಮ್ಮ. ನೀನು ಅಲ್ಲೇ ನಿಂತಿದೀಯ ಅಂತ ಗೊತ್ತು" ಅಂದಳು ಒಳಗಿಂದ.

ನೀನು ಚಿಲಕ ಹಾಕಿಕೊಂಡು ಮತ್ತೆ ಹೊರಗೆ ಬರದ ಆ ದಿನವೂ ನೀರು ನಿಂತದ್ದು ನನಗೆ ಕೇಳಿಸಿತ್ತು ಮಗಳೇ. "ಅಂತೂ ನಲ್ಲಿ ನಿಲ್ಲಿಸಿದಳಲ್ಲ" ಅಂದುಕೊಂಡು ಬಟ್ಟೆ ಮಡಚ್ತಾ ಕೂತಿದ್ದೆ.